ಬೆಲ್ಟು ಹಸುವಿನ ಕೊರಳಲ್ಲಿ, ಮೆಸೇಜು ಯಾರ ಫೋನಿನಲ್ಲಿ?



ಕಳೆದ ವರ್ಷ ನಮ್ಮ ಕೆಲವು ಸಂಘಗಳಲ್ಲಿ ಹಸುಗಳ ಕೊರಳಿಗೆ ಬೆಲ್ಟ್ ಕಟ್ಟಿ ಪರೀಕ್ಷೆ ಮಾಡಿದ್ದು ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಡಬ್ಬಿ, ಅದಕ್ಕೊಂದು ಪಟ್ಟಿ. ಮೊದಲ ದಿನ ಕಟ್ಟುವಾಗ ಪಕ್ಕದ ಮನೆಯ ಅಜ್ಜಿಯೊಬ್ಬರು ಬಂದು ನೋಡಿ, "ಏನ್ ಡಾಕ್ಟ್ರಮ್ಮ, ಹಸೀಗೂ ವಾಚ್ ಕಟ್ಟಿದ್ರಾ?" ಎಂದು ನಕ್ಕರು. ಅಜ್ಜಿ ಹೇಳಿದ್ದು ಸರಿಯೇ ಇತ್ತು. ಪೇಟೆಯ ಹುಡುಗರು ಎಷ್ಟು ಹೆಜ್ಜೆ ನಡೆದೆವು, ಎಷ್ಟು ಹೊತ್ತು ಮಲಗಿದೆವು ಎಂದು ನೋಡಿಕೊಳ್ಳಲು ಕೈಗೆ ಕಟ್ಟುತ್ತಾರಲ್ಲ, ಇದೂ ಅದೇ ಜಾತಿಯದು.

ಈ ಬೆಲ್ಟು ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲು ನಾನು ಈ ಲೇಖನ ಬರೆಯುತ್ತಿಲ್ಲ. ಅದನ್ನು ಕಟ್ಟುವಾಗ ನಾನೇ ಮಾಡಿದ ಒಂದು ತಪ್ಪಿನಿಂದ ಒಂದು ಒಳ್ಳೆಯ ಹಸು ಸಂತೆಗೆ ಹೋಗುವುದರಲ್ಲಿತ್ತು. ಅದನ್ನು ನಿಮಗೆ ಹೇಳಬೇಕು.

ಡಬ್ಬಿಯೊಳಗೆ ಏನಿದೆ?

ಫೋನನ್ನು ಅಡ್ಡ ಹಿಡಿದರೆ ಸಿನಿಮಾವೂ ಅಡ್ಡಕ್ಕೆ ತಿರುಗುತ್ತದೆ. ಫೋನು ಅಡ್ಡವಾಯಿತು ಎಂದು ಅದಕ್ಕೆ ತಿಳಿಸುವುದು ಅಕ್ಸೆಲೆರೋಮೀಟರ್ ಎಂಬ ಸಣ್ಣ ಚಿಪ್. ಹಸುವಿನ ಡಬ್ಬಿಯಲ್ಲಿರುವುದೂ ಅದೇ. ಕೊರಳು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಹಿಂದಕ್ಕೆ ಮುಂದಕ್ಕೆ ಆಡಿದ್ದನ್ನೆಲ್ಲ ಅದು ಹಗಲೂ ರಾತ್ರಿ ಬರೆದುಕೊಳ್ಳುತ್ತದೆ. ಹಸು ಮೇವು ತಿನ್ನುವಾಗ ಕತ್ತು ಆಡುವ ರೀತಿ ಒಂದು, ಮೆಲುಕು ಹಾಕುವಾಗಿನದು ಇನ್ನೊಂದು. ಮೆಲುಕಿನಲ್ಲಿ ಒಂದು ಉಂಡೆಗೆ ಐವತ್ತು ಅರವತ್ತು ಸಲ ಒಂದೇ ತಾಳದಲ್ಲಿ ಅಗಿಯುತ್ತದೆ. ಆ ತಾಳವನ್ನು ಚಿಪ್ ಗುರುತಿಸುತ್ತದೆ. ಸುಮ್ಮನೆ ನಿಂತಿದ್ದರೆ, ಚಡಪಡಿಸಿದರೆ ಅದೂ ತಿಳಿಯುತ್ತದೆ.

ಡಬ್ಬಿ ನಿಮ್ಮ ಹಸುವನ್ನು ಪಕ್ಕದ ಮನೆ ಹಸುವಿನ ಜೊತೆ ಹೋಲಿಸುವುದಿಲ್ಲ, ಅದರದ್ದೇ ನಿನ್ನೆ ಮೊನ್ನೆಯ ಲೆಕ್ಕದ ಜೊತೆ ಹೋಲಿಸುತ್ತದೆ. ಚಡಪಡಿಕೆ ಎಂದಿಗಿಂತ ಬಹಳ ಹೆಚ್ಚಿ, ಮೆಲುಕು ಕಡಿಮೆಯಾದರೆ "ಬೆದೆಗೆ ಬಂದಿರಬಹುದು" ಎಂದು ಮೆಸೇಜ್ ಕಳಿಸುತ್ತದೆ. ಚಡಪಡಿಕೆ ಇಲ್ಲದೆ ಮೆಲುಕು ಮಾತ್ರ ಕುಸಿದರೆ "ಆರೋಗ್ಯ ನೋಡಿ" ಎನ್ನುತ್ತದೆ.

ಬೆದೆಗೆ ಬಂದ ಹಸು ಹೆಚ್ಚು ಓಡಾಡುತ್ತದೆ ಎಂಬುದು ನಿಮಗೆ ಹೊಸದಲ್ಲ, ನಿಮ್ಮ ಅಜ್ಜಿಯರಿಗೂ ಗೊತ್ತಿತ್ತು. ಅದನ್ನು ಕಾಲಿಗೆ ಕಟ್ಟಿದ ಹೆಜ್ಜೆಮಾಪಕದಿಂದ ಎಣಿಸಿ, ಬೆದೆಯ ದಿನ ಓಡಾಟ ಹಲವು ಪಟ್ಟು ಏರುತ್ತದೆ ಎಂದು 1977ರಲ್ಲಿ ಅಮೆರಿಕದ ಕಿಡ್ಡಿ ಎಂಬ ವಿಜ್ಞಾನಿ ಬರೆದರು. 1980ರ ದಶಕದಲ್ಲಿ ಇಸ್ರೇಲಿನ ದೊಡ್ಡ ಡೇರಿಗಳಲ್ಲಿ ಇದು ಬಳಕೆಗೆ ಬಂತು. ಈಗ ನಮ್ಮ ಬೆಂಗಳೂರಿನಲ್ಲೂ, 2011ರಲ್ಲಿ ಶುರುವಾದ ಸ್ಟೆಲ್ಲಾಪ್ಸ್‌ನಂಥ ಕಂಪನಿಗಳು ಇಂಥ ಸಾಧನಗಳನ್ನು ತಯಾರಿಸಿವೆ.

ಒಂದು ವಿಷಯ ಗಮನಿಸಿ. ಇದು ಹುಟ್ಟಿದ್ದು ಇನ್ನೂರು ಮುನ್ನೂರು ಹಸುಗಳಿಗೆ ಇಬ್ಬರೋ ಮೂವರೋ ಆಳುಗಳಿರುವ ಕಡೆ. ಅಲ್ಲಿ ಹಸುವನ್ನು ನಿಂತು ನೋಡುವವರೇ ಇಲ್ಲ. ನಿಮ್ಮ ಕೊಟ್ಟಿಗೆಯಲ್ಲಿ ಹಾಗಲ್ಲ. ಎರಡು ಹಸು, ಅವುಗಳ ಕೆಮ್ಮು ಸೀನು ಎಲ್ಲ ಗೊತ್ತಿರುವ ನೀವು ಒಬ್ಬರು. ನಮ್ಮಲ್ಲಿ ನೋಡುವವರಿಗೆ ಕೊರತೆಯಿಲ್ಲ, ನೋಡಿದವರ ಮಾತು ಕೇಳುವವರಿಗೇ ಕೊರತೆ.

ನಾನು ಬರೆದುಕೊಂಡ ನಂಬರು

ಆ ಮನೆಯಲ್ಲಿ ಇದ್ದದ್ದು ಒಂದೇ ಕರೆಯುವ ಹಸು. ಹೆಸರು ಗೌರಿ, ಎರಡನೇ ಸೂಲು. ಕರು ಹಾಕಿ ಐವತ್ತು ದಿನವಾಗಿತ್ತು. ಬೆಲ್ಟ್ ಕಟ್ಟುವಾಗ ಮನೆಯ ಅಕ್ಕ ಹಸುವಿನ ಮೂಗುದಾರ ಹಿಡಿದು, ಕುತ್ತಿಗೆ ನೇವರಿಸುತ್ತ ನಿಂತಿದ್ದರು. ಅವರ ಯಜಮಾನರು ಅಂದು ಊರಲ್ಲೇ ಇದ್ದರು, ಬಾಗಿಲ ಬಳಿ ನಿಂತಿದ್ದರು. ಫಾರಂ ನನ್ನ ಕೈಯಲ್ಲಿತ್ತು. ಕಿವಿಯೋಲೆಯ ಹನ್ನೆರಡು ಅಂಕಿ ಬರೆದೆ, ಊರು ಬರೆದೆ. "ಮೊಬೈಲ್ ನಂಬರ್" ಎಂಬ ಜಾಗ ಬಂದಾಗ ತಲೆ ಎತ್ತಿ, ಹಸು ಹಿಡಿದವರನ್ನು ಬಿಟ್ಟು ಬಾಗಿಲಲ್ಲಿ ನಿಂತವರನ್ನು ಕೇಳಿದೆ. ಅವರು ಹೇಳಿದರು, ನಾನು ಬರೆದುಕೊಂಡೆ. ಅರ್ಧ ನಿಮಿಷದ ಕೆಲಸ. ನಾನೂ ಹೆಣ್ಣುಮಗಳೇ, ಆದರೂ ಆಗ ನನಗೆ ಏನೂ ಅನ್ನಿಸಲಿಲ್ಲ.

ಯಜಮಾನರು ಬೆಂಗಳೂರಿನಲ್ಲಿ ಬಸ್ ಓಡಿಸುತ್ತಾರೆ. ಸೋಮವಾರ ಹೋದರೆ ಶನಿವಾರ ಬರುವುದು. ಹತ್ತನೇ ದಿನಕ್ಕೆ ಗೌರಿ ಬೆದೆಗೆ ಬಂತು. ನಡುರಾತ್ರಿ 2 ಗಂಟೆ 40 ನಿಮಿಷಕ್ಕೆ ಚಡಪಡಿಕೆ ಏರಿದ್ದು ಬೆಲ್ಟಿನ ದಾಖಲೆಯಲ್ಲಿ ಸ್ಪಷ್ಟವಾಗಿದೆ. ಮೆಸೇಜು ಇಂಗ್ಲಿಷಿನಲ್ಲಿ, ರೀಚಾರ್ಜ್ ಮತ್ತು ಸಾಲದ ಜಾಹೀರಾತುಗಳ ನಡುವೆ, ಬೆಂಗಳೂರಿನಲ್ಲಿದ್ದ ಫೋನಿಗೆ ಹೋಯಿತು. ಅವರು ಡ್ಯೂಟಿ ಮುಗಿಸಿ ನೋಡಿದ್ದು ರಾತ್ರಿ ಒಂಬತ್ತಕ್ಕೆ. ಮನೆಗೆ ಫೋನ್ ಮಾಡಿ ಹೇಳಿದರು. ಮಾರನೇ ದಿನ ಬೆಳಿಗ್ಗೆ ಅಕ್ಕ ಸಂಘಕ್ಕೆ ತಿಳಿಸಿದರು. ಕೃತಕ ಗರ್ಭಧಾರಣೆ ಕಾರ್ಯಕರ್ತರು ಬೇರೆ ಎರಡು ಊರು ಮುಗಿಸಿ ಬರುವ ಹೊತ್ತಿಗೆ ಮಧ್ಯಾಹ್ನ ನಾಲ್ಕು ಗಂಟೆ. ಅಂದರೆ ಬೆದೆ ಶುರುವಾಗಿ 37 ಗಂಟೆ.

ಇದರ ಲೆಕ್ಕ ನೋಡಿ. ಸೀಮೆ ಹಸುವಿನಲ್ಲಿ ಬೆದೆ ಸಾಮಾನ್ಯವಾಗಿ 12ರಿಂದ 18 ಗಂಟೆ ಇರುತ್ತದೆ. ಬೆದೆ ಇಳಿದ ಮೇಲೆ ಸುಮಾರು 10–12 ಗಂಟೆಗೆ ಅಂಡ ಹೊರಬರುತ್ತದೆ, ಅದರ ಆಯುಸ್ಸು ಕೆಲವೇ ಗಂಟೆ. ವೀರ್ಯ ಅಷ್ಟರೊಳಗೆ ಗರ್ಭಕೋಶ ಸೇರಿ ಸಿದ್ಧವಾಗಿರಬೇಕು. ಅದಕ್ಕೇ "ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ" ಎಂದು ನಾವು ಪ್ರತಿ ಶಿಬಿರದಲ್ಲೂ ಹೇಳುವುದು. ಅಮೆರಿಕದ ನೆಬ್ರಾಸ್ಕದಲ್ಲಿ ಟ್ರಿಂಬರ್ಗರ್ ಎಂಬುವರು 1940ರ ದಶಕದಲ್ಲಿ ಪರೀಕ್ಷಿಸಿ ಕಂಡುಕೊಂಡ ನಿಯಮ ಇದು, ಇವತ್ತಿಗೂ ನಡೆಯುತ್ತಿದೆ. 37 ಗಂಟೆಗೆ ಮಾಡಿಸಿದರೆ ಬಸ್ಸು ಹೋದ ಮೇಲೆ ನಿಲ್ದಾಣಕ್ಕೆ ಹೋದ ಹಾಗೆ.

21 ದಿನಕ್ಕೆ ಮತ್ತೆ ಬೆದೆ. ಮತ್ತೆ ಅದೇ ದಾರಿ: ಬೆಂಗಳೂರು, ರಾತ್ರಿಯ ಫೋನು, ಮಾರನೇ ಮಧ್ಯಾಹ್ನ. ಮೂರನೇ ಸಲವೂ ಹಾಗೇ. ಒಂದು ಬೆದೆ ತಪ್ಪಿದರೆ 21 ದಿನ ತಡ. ಮೇವು, ಹಿಂಡಿ ಸೇರಿ ದಿನಕ್ಕೆ 150 ರೂಪಾಯಿ ಎಂದು ಹಿಡಿದರೂ 3,150 ರೂಪಾಯಿ. ಮೂರು ಸಲಕ್ಕೆ ಒಂಬತ್ತು ಸಾವಿರ ದಾಟುತ್ತದೆ. ಜೊತೆಗೆ ಮುಂದಿನ ಕರು, ಮುಂದಿನ ಹಾಲು ಅಷ್ಟು ದೂರ ಹೋಗುತ್ತದೆ.

"ಬೆಲ್ಟ್ ಕಟ್ಟಿದ್ರೂ ಗಬ್ಬ ನಿಲ್ಲಲಿಲ್ಲ, ಇದು ಗೊಡ್ಡು" ಎಂದು ಮನೆಯಲ್ಲಿ ತೀರ್ಮಾನವಾಯಿತು. ದಲ್ಲಾಳಿ ಬಂದು ಇಪ್ಪತ್ತೆಂಟು ಸಾವಿರಕ್ಕೆ ಮಾತಾಡಿ ಹೋದ. ಕೊಂಡಾಗ ಕೊಟ್ಟದ್ದು ಅರವತ್ತು. ಅದೂ ಸ್ತ್ರೀಶಕ್ತಿ ಸಂಘದ ಸಾಲ, ಅಕ್ಕನ ಹೆಸರಿನಲ್ಲಿ.

ನನಗೆ ಫೋನ್ ಮಾಡಿದ್ದು ಅಕ್ಕನೇ. ಹಸು ಪರೀಕ್ಷೆ ಮಾಡಿದೆ, ಗರ್ಭಕೋಶದಲ್ಲಿ ಯಾವ ತೊಂದರೆಯೂ ಇರಲಿಲ್ಲ. ಕೈ ತೊಳೆಯುವಾಗ ಅವರು ಒಂದು ಮಾತು ಹೇಳಿದರು: "ಸೂಜಿ ಹಾಕಿಸಿದ ಮಾರನೇ ದಿನ ಪ್ರತಿ ಸಲ ಬಾಲಕ್ಕೆ ಒಂಚೂರು ರಕ್ತ ಅಂಟಿರ್ತಿತ್ತು ಡಾಕ್ಟ್ರಮ್ಮ." ಅಲ್ಲಿಗೆ ನನಗೆ ಅರ್ಥವಾಯಿತು. ಬೆದೆ ಮುಗಿದ ಒಂದು ಎರಡು ದಿನಕ್ಕೆ ಕೆಲವು ಹಸುಗಳಲ್ಲಿ, ಅದರಲ್ಲೂ ಕಡಸುಗಳಲ್ಲಿ, ಹೀಗೆ ಸ್ವಲ್ಪ ರಕ್ತ ಬರುತ್ತದೆ. ಅದು ರೋಗವಲ್ಲ, ಬೆದೆ ಆಗಲೇ ಕಳೆದುಹೋಗಿದೆ ಎಂಬುದರ ಗುರುತು. ಸೂಜಿಯ ಮಾರನೇ ದಿನವೇ ಅದು ಕಂಡಿದ್ದರಿಂದ ಸೂಜಿ ತಡವಾಗಿತ್ತು ಎಂಬ ಅನುಮಾನ ಬಂತು. (ನೀವು ಇಂಥ ರಕ್ತ ಕಂಡರೆ ಗಾಬರಿಯಾಗಬೇಡಿ, ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಮುಂದಿನ ಬೆದೆಯನ್ನು 16ನೇ ದಿನದಿಂದಲೇ ಕಾಯಲು ಶುರುಮಾಡಿ.)

"ಮೊದಲ ರಾತ್ರಿ ಹಸು ಕೂಗಿದ್ದು ನಿಮಗೆ ಕೇಳಿಸಲಿಲ್ವಾ ಅಕ್ಕ?" ಎಂದು ಕೇಳಿದೆ.

"ಕೇಳಿಸ್ತು. ಬೆಳಿಗ್ಗೆ ಲೋಳೆನೂ ನೋಡಿದೆ. ಹೇಳಿದ್ರೆ, ಬೆಲ್ಟ್ ಇಲ್ವಾ, ಮೆಸೇಜ್ ಬಂದ್ರೆ ಹೇಳ್ತೀನಿ ಸುಮ್ನಿರು ಅಂದ್ರು. ಮೆಷೀನಿಗಿಂತ ನನಗೆ ಗೊತ್ತಾಗುತ್ತಾ ಅಂತ ಸುಮ್ನಾದೆ."

ಈ ಮಾತನ್ನು ನಾನು ಇನ್ನೂ ಮರೆತಿಲ್ಲ. ಬೆಲ್ಟ್ ಬರುವ ಮೊದಲು ಇದೇ ಅಕ್ಕ, ಇದೇ ಹಸುವಿಗೆ, ತಾವೇ ಬೆದೆ ಕಂಡು ಸಂಘಕ್ಕೆ ಹೇಳಿಕಳಿಸಿ ಎರಡು ಸಲ ಗಬ್ಬ ಮಾಡಿಸಿದ್ದರು. ಕಣ್ಣಿಗೆ ಕಂಡದ್ದನ್ನು ಕೂಡಲೇ ಹೇಳುವ ಧೈರ್ಯ ಬೆಲ್ಟ್ ಬಂದ ಮೇಲೆ ಹೋಯಿತು. ಬೆಲ್ಟು ಸುಳ್ಳು ಹೇಳಲಿಲ್ಲ. ನಾನು ಅದಕ್ಕೆ ತಪ್ಪು ವಿಳಾಸ ಕೊಟ್ಟಿದ್ದೆ.

ನಂಬರು ಬದಲಾದ ಮೇಲೆ

ಅಕ್ಕನ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಕನ್ನಡದಲ್ಲಿ ಮೆಸೇಜ್ ಕಳಿಸಿದರೆ ಅಕ್ಷರದ ಬದಲು ಚೌಕಗಳು ಕಾಣುತ್ತಿದ್ದವು, ಇಂಗ್ಲಿಷ್ ಅವರಿಗೆ ಓದಲು ಬರುವುದಿಲ್ಲ. ಕಂಪನಿಯವರ ಹತ್ತಿರ ಜಗ್ಗಾಡಿ, ಕನ್ನಡದಲ್ಲಿ ಮಾತನಾಡುವ ಕರೆ ಬರುವಂತೆ ಮಾಡಿಸಿದೆವು. "ನಡುರಾತ್ರಿ ಫೋನ್ ಬಂದ್ರೆ ನಮ್ಮತ್ತೆ ಏನಂದ್ಕೋತಾರೆ?" ಎಂದರು ಅಕ್ಕ. ಅದೂ ನಿಜವೇ. ರಾತ್ರಿಯ ಸುದ್ದಿ ಬೆಳಿಗ್ಗೆ ಐದು ಗಂಟೆಗೆ, ಹಾಲು ಕರೆಯುವ ಹೊತ್ತಿಗೆ ಬರಲಿ ಎಂದು ಹೊಂದಿಸಿದೆವು. ನಡುರಾತ್ರಿ ಎರಡಕ್ಕೆ ಬೆದೆ ಶುರುವಾದರೂ ಐದಕ್ಕೆ ತಿಳಿದರೆ ಏನೂ ನಷ್ಟವಿಲ್ಲ. ಹಾಲು ಹಾಕಲು ಡೇರಿಗೆ ಹೋದಾಗ ಹೇಳಿದರೆ ಮಧ್ಯಾಹ್ನದ ಮೇಲೆ ಕಾರ್ಯಕರ್ತರು ಬರುತ್ತಾರೆ, ಹೊತ್ತು ಸರಿಹೋಗುತ್ತದೆ.

"ಇನ್ನೊಂದು ಇಪ್ಪತ್ತೊಂದು ದಿನ ಕೊಡಿ, ಆಮೇಲೆ ಮಾರೋಣ" ಎಂದು ಅಕ್ಕ ಮನೆಯಲ್ಲಿ ಕೇಳಿಕೊಂಡರು. ಯಜಮಾನರಿಗೂ ಹಸು ಮಾರುವ ಇಷ್ಟವೇನೂ ಇರಲಿಲ್ಲ. ಮೂರು ಸಲದ ದಾಖಲೆ ತೋರಿಸಿ ಹೊತ್ತಿನ ಲೆಕ್ಕ ಹೇಳಿದಾಗ ಅವರೇ, "ಅಯ್ಯೋ, ನಾನು ಡ್ಯೂಟೀಲಿ ಫೋನ್ ತೆಗೆಯೋಹಾಗೇ ಇಲ್ವಲ್ಲ" ಎಂದರು. ನಾಲ್ಕನೇ ಬೆದೆಗೆ ಕರೆ ಐದು ಗಂಟೆಗೆ ಬಂತು, ಸೂಜಿ ಮಧ್ಯಾಹ್ನ ಮೂರಕ್ಕೆ ಆಯಿತು. ಎಪ್ಪತ್ತೈದು ದಿನ ಬಿಟ್ಟು ನಾನೇ ಹೋಗಿ ಪರೀಕ್ಷೆ ಮಾಡಿದೆ. ಗೌರಿ ಈಗ ಗಬ್ಬವಾಗಿದೆ.

ಇದು ಒಂದು ಮನೆಯ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ತಾವೇ ಬಳಸುವ ಮೊಬೈಲ್ ಇರುವವರು ಸುಮಾರು ಶೇ. 54. ಅಂದರೆ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿಗೆ ಸ್ವಂತಕ್ಕೆ ಫೋನಿಲ್ಲ. ಫೋನ್ ಇದ್ದವರದೂ ನಂಬರು ದಾಖಲೆಯಲ್ಲಿ ಇರುವುದು ಅಪರೂಪ. ಆ ಪರೀಕ್ಷೆಯಲ್ಲಿ ನಾನು ಬರೆದ ಫಾರಂಗಳನ್ನೆಲ್ಲ ತೆಗೆದು ನೋಡಿದೆ. ಹಸು ನೋಡಿಕೊಳ್ಳುವವರು ಬಹುಪಾಲು ಹೆಂಗಸರು, ನಂಬರು ಬಹುಪಾಲು ಗಂಡಸರದು. ಸಂಘದ ಸದಸ್ಯತ್ವ ಅಕ್ಕನ ಹೆಸರಿನಲ್ಲಿದ್ದ ಮನೆಗಳಲ್ಲೂ ಹಾಗೇ.

ಬೆಲ್ಟಿಗೆ ಕಾಣದ್ದು

ಬೆಲ್ಟು ಚಲನೆ ನೋಡುತ್ತದೆ. ಚಲನೆಯ ಕಾರಣ ಅದಕ್ಕೆ ತಿಳಿಯದು. ಕರುವನ್ನು ಬೇರೆ ಕಟ್ಟಿದ ದಿನ, ಹೊಸ ಜಾಗಕ್ಕೆ ಮೇಯಲು ಹೊಡೆದ ದಿನ, ನೊಣದ ಕಾಟ ಜಾಸ್ತಿಯಾದ ದಿನ, ಪಕ್ಕದ ಹಸು ಬೆದೆಗೆ ಬಂದು ಇದರ ಮೇಲೆ ಹಾರಿದ ದಿನ, ಎಲ್ಲಕ್ಕೂ ಅದು "ಬೆದೆ" ಎಂದುಬಿಡಬಹುದು. ಒಂದು ಊರಲ್ಲಿ ಜಾತ್ರೆಯ ಪಟಾಕಿಯ ರಾತ್ರಿ ನಾಲ್ಕು ಮನೆಗೆ ಒಟ್ಟಿಗೆ ಬೆದೆಯ ಮೆಸೇಜು ಬಂತು. ಅದರಲ್ಲೊಂದು ಹಸು ಆರು ತಿಂಗಳ ಗಬ್ಬ! ಆ ಮನೆಯ ಅಮ್ಮ ಡೇರಿಯಲ್ಲಿ ಎಲ್ಲರನ್ನೂ ನಗಿಸಿದರು. ನಗು ಸರಿ, ಆದರೆ ಮೆಸೇಜ್ ನಂಬಿ ಗಬ್ಬದ ಹಸುವಿಗೆ ಸೂಜಿ ಹಾಕಿಸಿದರೆ ಗಬ್ಬ ಕೆಡುವ ಅಪಾಯವಿದೆ ಎಂಬುದು ನಗುವ ವಿಷಯವಲ್ಲ.

ಇನ್ನೊಂದು ಕಡೆಯಿಂದ, ನಮ್ಮಲ್ಲಿ ಹಸುಗಳನ್ನು ದಿನವಿಡೀ ಕಟ್ಟಿಹಾಕುವುದರಿಂದ ಓಡಾಡಲು ಜಾಗವೇ ಇಲ್ಲ. ಬೆದೆ ಬಂದರೂ ಕೆಲವು ಹಸು ಸುಮ್ಮನೆ ನಿಂತಿರುತ್ತವೆ. ಎಮ್ಮೆಗಳಲ್ಲಂತೂ ಮೂಕ ಬೆದೆ ಹೆಚ್ಚು. ಅಂಥ ಕಡೆ ಬೆಲ್ಟಿಗೂ ತಪ್ಪಿಹೋಗಬಹುದು. ಆಗ ಬೇಕಾಗುವುದು ನಿಮ್ಮ ಕಣ್ಣು: ಗಾಜಿನಂತೆ ತಿಳಿಯಾಗಿ ಇಳಿಬೀಳುವ ಲೋಳೆ, ಊದಿದ ಯೋನಿ, ಅರ್ಧ ಲೀಟರೋ ಒಂದು ಲೀಟರೋ ಇಳಿದ ಹಾಲು, ಪದೇ ಪದೇ ಮೂತ್ರ, ಬಿಟ್ಟ ಮೇವು. ಲೋಳೆ ಬೆಳ್ಳಗೆ ಕೀವಿನಂತಿದ್ದರೆ ಬೆಲ್ಟು ಏನೇ ಹೇಳಲಿ, ಸೂಜಿ ಹಾಕಿಸಬೇಡಿ, ಮೊದಲು ಡಾಕ್ಟರಿಗೆ ತೋರಿಸಿ.

ಹಾಗಾದರೆ ಬೆಲ್ಟಿನ ಉಪಯೋಗವೇನು? ರಾತ್ರಿ. ಬೆದೆಯ ಲಕ್ಷಣ ಹೆಚ್ಚಾಗಿ ಕಾಣುವುದು ತಡರಾತ್ರಿ ಮತ್ತು ನಸುಕಿನಲ್ಲಿ. ದಿನವಿಡೀ ದುಡಿದು ಮಲಗಿದ ನಿಮಗೆ ಆಗ ಎದ್ದು ನೋಡಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆ ಹೊತ್ತಿನ ಕಾವಲನ್ನು ಅದು ಮಾಡಲಿ.

ಇನ್ನೊಂದು ಉಪಯೋಗ ಮೆಲುಕಿನ ಲೆಕ್ಕ. ಆರೋಗ್ಯವಾಗಿರುವ ಹಸು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತದೆ. ಗೃಹಪ್ರವೇಶ ಮುಗಿದ ಒಂದು ಮನೆಯಲ್ಲಿ ಉಳಿದ ಅನ್ನ, ಪಾಯಸವನ್ನು ಯಾರೋ ಪ್ರೀತಿಯಿಂದ ಹಸುವಿನ ಮುಂದೆ ಸುರಿದಿದ್ದರು. ನೆಂಟರ ಗಲಾಟೆಯಲ್ಲಿ ಮನೆಯಾಕೆಗೆ ತಿಳಿದಿರಲಿಲ್ಲ. ರಾತ್ರಿ ಹತ್ತಕ್ಕೆ "ಮೆಲುಕು ಕಡಿಮೆ" ಎಂದು ಫೋನ್ ಬಂತು, ಈ ಸಲ ಆಕೆಯ ಫೋನಿಗೇ. ಹೋಗಿ ನೋಡಿದರೆ ಹಸು ಹಲ್ಲು ಕಡಿಯುತ್ತ ನಿಂತಿದೆ, ಹೊಟ್ಟೆಯ ಎಡಭಾಗ ಬಿಗಿದಿದೆ. ಕೂಡಲೇ ಫೋನ್ ಮಾಡಿದರು. ಅನ್ನದಿಂದ ಹೊಟ್ಟೆಯಲ್ಲಿ ಆಮ್ಲ ಏರಿದ ಹಸುವಿಗೆ ಬೆಳಗಿನವರೆಗೆ ಕಾದಿದ್ದರೆ ನೆಲ ಹಿಡಿಯುತ್ತಿತ್ತು. ಆ ರಾತ್ರಿಯೇ ಚಿಕಿತ್ಸೆ ಆಯಿತು, ಮೂರನೇ ದಿನಕ್ಕೆ ಮೇವು ತಿಂದಿತು. ಹಬ್ಬ, ಮದುವೆ ಮನೆಗಳಲ್ಲಿ ಉಳಿದ ಅನ್ನವನ್ನು ಹಸುವಿಗೆ ಹಾಕಬೇಡಿ ಎಂದು ಈ ಪತ್ರಿಕೆಯಲ್ಲಿ ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ಇನ್ನೊಂದು ಸಲ ಬರೆದೆ.

ಕಟ್ಟಿಸುವ ಮುನ್ನ

ನಿಮ್ಮ ಸಂಘಕ್ಕೂ ಇಂಥ ಬೆಲ್ಟು ಬಂದರೆ, ಫಾರಂ ತುಂಬುವವರು ನಾನಾಗಲಿ ಇನ್ನೊಬ್ಬರಾಗಲಿ, "ನಂಬರು ನಂದು ಬರೀರಿ" ಎಂದು ನೀವೇ ಮುಂದಾಗಿ ಹೇಳಿ. ಎರಡು ನಂಬರಿಗೆ ಜಾಗವಿದ್ದರೆ ಮೊದಲನೆಯದು ನಿಮ್ಮದು, ಎರಡನೆಯದು ಯಜಮಾನರದು ಅಥವಾ ಮಗನದು ಇರಲಿ. ನಿಮ್ಮ ಹತ್ತಿರ ಫೋನೇ ಇಲ್ಲದಿದ್ದರೆ ಬೆಳಿಗ್ಗೆ ನೀವು ಹಾಲು ಹಾಕುವಾಗ ಕಾಣುವ ಹಾಲು ಪರೀಕ್ಷಕರ ಅಥವಾ ಕಾರ್ಯದರ್ಶಿಯವರ ನಂಬರು ಕೊಡಿ. ಬೆಂಗಳೂರಿನಲ್ಲಿರುವ ಫೋನಿಗಿಂತ ಅದು ಹತ್ತಿರ. ಸುದ್ದಿ ಕನ್ನಡದಲ್ಲಿ ಬರುತ್ತದೋ, ಕರೆಯಾಗಿ ಬರುತ್ತದೋ ಕೇಳಿ. ಕೇಳಲು ಸಂಕೋಚ ಬೇಡ, ಕೇಳಿದವರಿಗೇ ಮಾಡಿಕೊಡುತ್ತಾರೆ.

ಸುದ್ದಿ ಬಂದಾಗ ಬೆದೆ *ಶುರುವಾದ* ಹೊತ್ತು ಎಷ್ಟು ಎಂದು ನೋಡಿ ಅಥವಾ ಓದಿಸಿ. ಕರೆಂಟು ಹೋದಾಗ, ಸಿಗ್ನಲ್ ಸಿಗದಾಗ ಸುದ್ದಿ ತಡವಾಗಿ ಬರುತ್ತದೆ. ಫೋನಿಗೆ ಬಂದ ಹೊತ್ತಿನಿಂದ ಲೆಕ್ಕ ಹಾಕಿದರೆ ಮತ್ತೆ ಗೌರಿಯ ಕಥೆಯೇ. ಪಟ್ಟಿ ತೀರ ಬಿಗಿಯಾಗದಿರಲಿ, ಬೆರಳು ಸಲೀಸಾಗಿ ಆಡುವಷ್ಟು ಜಾಗವಿರಲಿ. ವಾರಕ್ಕೊಮ್ಮೆ ಅದರ ಕೆಳಗೆ ಗಾಯವಾಗಿದೆಯೇ ಎಂದು ಸವರಿ ನೋಡಿ.

ಬೆಲ್ಟು ಇಲ್ಲದವರೂ ಒಂದು ಕೆಲಸ ಮಾಡಬಹುದು. ನಿಮ್ಮ ಹಸುವಿನ ಹಳದಿ ಕಿವಿಯೋಲೆಯ ಹನ್ನೆರಡು ಅಂಕಿಯ ಜೊತೆ ಮಾಲೀಕರ ಹೆಸರು, ಮೊಬೈಲ್ ನಂಬರು ಭಾರತ್ ಪಶುಧನ್ ದಾಖಲೆಯಲ್ಲಿ ಇರುತ್ತದೆ. ಅಲ್ಲಿ ಯಾರ ನಂಬರಿದೆ? ನಿಮಗೇ ಗೊತ್ತಿಲ್ಲದಿದ್ದರೆ ವಿಚಾರಿಸಿ. ಹಸುವಿನ ದಾಖಲೆ ನೋಡಿ ಸಾಲ, ವಿಮೆ ಕೊಡುವ ಪ್ರಯತ್ನಗಳು ಶುರುವಾಗಿರುವ ಕಾಲ ಇದು. ಅನಾರೋಗ್ಯದ ತುರ್ತಿಗೆ 1962 ಇದ್ದೇ ಇದೆ. ಅದಕ್ಕೆ ಯಾರ ಫೋನಿನಿಂದಲಾದರೂ ಕರೆ ಮಾಡಬಹುದು.

ಮುಂದಿನ ತಿಂಗಳಿಂದ ಸಂಘಗಳ ಭೇಟಿಗೆ ಬರುವಾಗ ನನ್ನ ಫಾರಂಗಳ ಜೊತೆ ಒಂದು ಹಾಳೆ ಹೆಚ್ಚಿಗೆ ತರುತ್ತೇನೆ. ಅದರಲ್ಲಿ ಮೂರೇ ಅಂಕಣ: ಹಸುವಿನ ಕಿವಿಯೋಲೆ, ಅದಕ್ಕೆ ಮೇವು ಹಾಕುವವರ ಹೆಸರು, ಅವರ ನಂಬರು. ನಿಮ್ಮ ನಂಬರು ನಿಮಗೆ ಬಾಯಿಗೆ ಬಾರದಿದ್ದರೆ ಹಾಲಿನ ಪಾಸ್‌ಬುಕ್ಕಿನ ಹಿಂಬದಿಗೆ ಯಾರಿಂದಲಾದರೂ ಬರೆಸಿಟ್ಟುಕೊಂಡಿರಿ.